ಚಕ್ರಬಡ್ಡಿಯಲ್ಲಿ ಬೆಳಗುವ ದೀಪ

ಬೆಳಗಾವಿಯ ಹಿಂದವಾಡಿಯಲ್ಲಿ ನಮ್ಮ ಮನೆ. ಪಡಸಾಲೆಯ ಮೂಲೆಯಲ್ಲಿ ಒಂದು ಗಟ್ಟಿ ಸಾಗವಾನಿ ಮೇಜು. ಅದರ ಮೇಲೆ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಮೀನಿನ ತೊಟ್ಟಿ. ಸುಮಾರು ಐವತ್ತು ಲೀಟರ್ ನೀರು ಹಿಡಿಯುತ್ತದೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಬಿ.ಕಾಂ. ಓದಿದವನಿಗೆ ವಿದ್ಯುತ್ತಿನ ವಿಷಯ ಏನು ಗೊತ್ತು ಎಂದು ನೀವು ಕೇಳಬಹುದು. ಎಪ್ಪತ್ತು ದಾಟಿದ ಮೇಲೆ ನಾನು ಅದನ್ನು ಕಲಿಯಬೇಕಾಗಿ ಬಂದದ್ದು ಒಂದು ಪುಟ್ಟ ಮೀನು ಸತ್ತದ್ದರಿಂದ.

ತೊಟ್ಟಿ ನನ್ನ ಮೊಮ್ಮಗಳದು. ಎಂಟನೇ ತರಗತಿಯ ಹುಡುಗಿ. ಅದರಲ್ಲಿ ಆರು ಝೀಬ್ರಾ ಮೀನುಗಳಿದ್ದವು. ಬೆರಳಿನ ಒಂದೂವರೆ ಗೆಣ್ಣಿನಷ್ಟು ಉದ್ದ, ಮೈಮೇಲೆ ನೀಲಿ ಪಟ್ಟೆ. ಅಂಗಡಿಯಲ್ಲಿ ಇಂಗ್ಲಿಷ್ ಹೆಸರಿನಿಂದ ಮಾರಿದರೂ ಇದು ನಮ್ಮ ದೇಶದ್ದೇ ಮೀನು. ಗದ್ದೆಯ ನೀರಿನಲ್ಲಿ, ಸಣ್ಣ ಹಳ್ಳಗಳಲ್ಲಿ ಬದುಕುವಂಥದ್ದು. ಫ್ರಾನ್ಸಿಸ್ ಹ್ಯಾಮಿಲ್ಟನ್ ಎಂಬಾತ ಗಂಗಾ ನದಿಯ ಮೀನುಗಳ ಬಗ್ಗೆ ಬರೆದ ಪುಸ್ತಕದಲ್ಲಿ 1822ರಲ್ಲೇ ಇದನ್ನು ವರ್ಣಿಸಿದ್ದಾನೆ. ಇಂದು ಜಗತ್ತಿನ ಎಷ್ಟೋ ಪ್ರಯೋಗಾಲಯಗಳಲ್ಲಿ ವಿಜ್ಞಾನಿಗಳು ಸಾಕುವುದೂ ಇದನ್ನೇ. ಚುರುಕು ಮೀನು. ಹೆದರಿದರೆ ನೀರಿನಿಂದ ಮೇಲಕ್ಕೆ ಜಿಗಿಯುತ್ತದೆ.

ಕಳೆದ ಮಳೆಗಾಲದ ಒಂದು ಸಂಜೆ. ನಮ್ಮೂರಿನ ಮಳೆ ನಿಮಗೆ ಗೊತ್ತಿರಬಹುದು, ಹಿಡಿದರೆ ಬಿಡುವುದಿಲ್ಲ. ಎಂಟು ಗಂಟೆಗೆ ಕರೆಂಟು ಹೋಯಿತು. ಮೀನಿಗೆ ಕಾಳು ಹಾಕುವುದು ಉಳಿದಿತ್ತು. ನಾನು ಬ್ಯಾಟರಿ ಹಿಡಿದು, ಗಾಜಿನ ಮುಚ್ಚಳ ಸರಿಸಿ, ಕಾಳು ಉದುರಿಸಿ, ಮುಚ್ಚಳವನ್ನು ಕತ್ತಲಲ್ಲಿ ಹೇಗೋ ಮತ್ತೆ ಇಟ್ಟೆ. ತೊಟ್ಟಿಯ ದೀಪದ ಸ್ವಿಚ್ಚು ಆರಿಸಲಿಲ್ಲ. ಕರೆಂಟೇ ಇಲ್ಲವಲ್ಲ ಎಂದು ಮಲಗಿದೆ.

ರಾತ್ರಿ ಎರಡು ಗಂಟೆಯ ಹೊತ್ತಿಗೆ ಪಡಸಾಲೆಯೆಲ್ಲ ಒಮ್ಮೆಲೇ ಬೆಳ್ಳಗಾಯಿತು. ಕರೆಂಟು ಬಂದಿತ್ತು. ತೊಟ್ಟಿಯ ಎಲ್‌ಇಡಿ ದೀಪ ಪೂರ್ತಿ ಹೊತ್ತಿಕೊಂಡಿತ್ತು. ನಾನು ಎದ್ದು ಹೋಗಿ ಸ್ವಿಚ್ಚು ಆರಿಸಿ ಬಂದು ಮಲಗಿದೆ. ನೆಲ ನೋಡಲಿಲ್ಲ.

ಬೆಳಿಗ್ಗೆ ಮೇಜಿನ ಕೆಳಗೆ ಮೀನನ್ನು ಕಂಡವಳು ಮೊಮ್ಮಗಳು. ಬೇವಿನ ಎಲೆಯ ಹಾಗೆ ಒಣಗಿತ್ತು. ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ನನ್ನ ಹತ್ತಿರ ಬಂದಳು.

“ಅಜ್ಜಾ, ನಿನ್ನೆ ಮುಚ್ಚಳ ನಾನ ಸರಿಯಾಗಿ ಹಾಕಿದ್ದಿಲ್ಲ ಅನಸ್ತೈತಿ.”

ನಾನು ಸುಮ್ಮನಿದ್ದೆ. ಆಕೆ ನಾಷ್ಟಾ ಮಾಡದೆ ಶಾಲೆಗೆ ಹೋದಳು.

ಬ್ಯಾಂಕಿನಲ್ಲಿ ನಮಗೊಂದು ರೂಢಿ ಇತ್ತು. ಲೆಡ್ಜರಿನಲ್ಲಿ ತಪ್ಪು ನಮೂದು ಆದರೆ ಅದನ್ನು ಕೆರೆದು ಅಳಿಸುವ ಹಾಗಿಲ್ಲ. ಓದಲು ಬರುವಂತೆ ಒಂದು ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ತಪ್ಪು ಮಾಡಿದವನೇ ಸಹಿ ಹಾಕಬೇಕು. ಇಷ್ಟು ವರ್ಷ ಹಾಗೆ ಸಹಿ ಹಾಕಿದ ನಾನು ಆ ದಿನ ಒಂದು ಮಗುವಿನ ಖಾತೆಗೆ ನನ್ನ ತಪ್ಪನ್ನು ಬರೆದುಬಿಟ್ಟಿದ್ದೆ. ದಿನವಿಡೀ ಮನಸ್ಸು ಟ್ಯಾಲಿ ಆಗಲಿಲ್ಲ. ಸಂಜೆ ಆಕೆ ಬಂದ ಕೂಡಲೇ ಕೂರಿಸಿಕೊಂಡು ಹೇಳಿದೆ. ಮುಚ್ಚಳ ಓರೆಯಾಗಿ ಇಟ್ಟವನೂ ನಾನೇ, ಸ್ವಿಚ್ಚು ಬಿಟ್ಟವನೂ ನಾನೇ, ರಾತ್ರಿ ಎದ್ದರೂ ನೆಲ ನೋಡದವನೂ ನಾನೇ.

ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಇಷ್ಟೇ: “ಮತ್ತ ಕರೆಂಟ ಹೋಗಿ ಬಂದ್ರ ಏನ್ ಮಾಡೂದು ಅಜ್ಜಾ? ಇನ್ನೂ ಐದು ಅದಾವು.”

ಆ ಪ್ರಶ್ನೆಗೆ ಉತ್ತರ ಕೊಡಲು ನನಗೆ ಎರಡು ತಿಂಗಳು ಹಿಡಿಯಿತು.

ಮೀನಿಗೆ ರೆಪ್ಪೆ ಇಲ್ಲ

ಮಕ್ಕಳೇ, ಕತ್ತಲ ಕೋಣೆಯಲ್ಲಿ ಮಲಗಿದ ನಿಮ್ಮ ಮುಖಕ್ಕೆ ಯಾರಾದರೂ ಬ್ಯಾಟರಿ ಬಿಟ್ಟರೆ ಏನು ಮಾಡುತ್ತೀರಿ? ಕಣ್ಣು ಮುಚ್ಚುತ್ತೀರಿ. ನಿಮ್ಮ ಕಣ್ಣಿನ ಪಾಪೆಯೂ ತಾನಾಗಿ ಕಿರಿದಾಗಿ ಬೆಳಕನ್ನು ತಡೆಯುತ್ತದೆ. ನಾವು ಸಾಕುವ ಮೀನುಗಳಿಗೆ ರೆಪ್ಪೆ ಇಲ್ಲ. ಹೆಚ್ಚಿನ ಮೂಳೆಮೀನುಗಳ ಪಾಪೆ ನಮ್ಮದರ ಹಾಗೆ ಕಿರಿದಾಗುವುದೂ ಇಲ್ಲ. ಬೆಳಕು ಹೆಚ್ಚಾದಾಗ ಅವುಗಳ ಅಕ್ಷಿಪಟಲದೊಳಗಿನ ಕಣಗಳು ಜಾಗ ಬದಲಿಸುತ್ತವೆ, ಕಪ್ಪು ಬಣ್ಣದ ವಸ್ತು ಹರಡಿಕೊಂಡು ಪರದೆಯ ಕೆಲಸ ಮಾಡುತ್ತದೆ. ಅದಕ್ಕೆ ಹತ್ತಾರು ನಿಮಿಷ ಬೇಕು.

ಹೊಳೆಯಲ್ಲಿ ಅದಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ. ನಾನು ಕೆಲವು ವರ್ಷ ಖಾನಾಪುರದ ಶಾಖೆಯಲ್ಲಿದ್ದೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಆ ಊರಿನ ಮಗ್ಗುಲಲ್ಲೇ ಹರಿಯುತ್ತಾಳೆ. ಬೆಳಗಿನ ಜಾವ ದಂಡೆಗೆ ಹೋಗಿ ನಿಲ್ಲುವುದು ನನ್ನ ಅಭ್ಯಾಸವಾಗಿತ್ತು. ಮೊದಲು ನೀರು ಎಲ್ಲಿದೆ, ದಂಡೆ ಎಲ್ಲಿದೆ ತಿಳಿಯುವುದಿಲ್ಲ. ಆಮೇಲೆ ನೀರು ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಕಲ್ಲು ಕಾಣುತ್ತವೆ. ಕಡೆಗೆ ಕಲ್ಲಿನ ಮಗ್ಗುಲಿನ ಮರಿಮೀನು ಕಾಣುತ್ತದೆ. ನಮ್ಮ ಕಡೆ ಕಣ್ಣಿಗೆ ದಾರಿ ಕಾಣುವಷ್ಟು ನಸುಕು ಹರಿದಲ್ಲಿಂದ ಸೂರ್ಯ ಮೂಡುವವರೆಗೆ 20ರಿಂದ 25 ನಿಮಿಷ ಹಿಡಿಯುತ್ತದೆ. ಝೀಬ್ರಾ ಮೀನು ಮೊಟ್ಟೆ ಇಡುವುದು ಕೂಡ ಬೆಳಕು ಹರಿಯುವ ಆ ಹೊತ್ತಿನಲ್ಲೇ.

ನಮ್ಮ ತೊಟ್ಟಿಯಲ್ಲಿ ಮಾತ್ರ ಸೂರ್ಯ ಸ್ವಿಚ್ಚು ಒತ್ತಿದ ಕ್ಷಣಕ್ಕೆ ನೆತ್ತಿಯ ಮೇಲಿರುತ್ತಿದ್ದ. ಹಳೆಯ ಗುಂಡು ಬಲ್ಬಿನ ತಂತಿ ಕಾಯಲು ಒಂದು ಗಳಿಗೆಯಾದರೂ ಬೇಕಿತ್ತು. ಎಲ್‌ಇಡಿಗೆ ಆ ತಡವೂ ಇಲ್ಲ.

ಅಗ್ಗದ ದೀಪದ ಹೊಟ್ಟೆಯಲ್ಲಿ

ನಮ್ಮದು 450 ರೂಪಾಯಿಯ ದೀಪ. ಗೋಡೆಯ ಪ್ಲಗ್ಗಿಗೆ ಒಂದು ಅಡಾಪ್ಟರ್. ಅದು 230 ವೋಲ್ಟನ್ನು 12 ವೋಲ್ಟಿಗೆ ಇಳಿಸುತ್ತದೆ. ಅಲ್ಲಿಂದ ಸಣ್ಣ ವೈರು, ನಡುವೆ ಒಂದು ಗುಂಡಿ, ತುದಿಯಲ್ಲಿ ದೀಪದ ಪಟ್ಟಿ. ಗುಂಡಿ ಒತ್ತಿದರೆ ಮೂರು ಹಂತ: ಜಾಸ್ತಿ, ನಡುವೆ, ಕಡಿಮೆ. ಆದರೆ ಕರೆಂಟು ಹೋಗಿ ಬಂದರೆ ಅದಕ್ಕೆ ಹಿಂದಿನದು ಯಾವುದೂ ನೆನಪಿರುವುದಿಲ್ಲ. ನೇರ ‘ಜಾಸ್ತಿ’ಗೆ ಹೋಗುತ್ತದೆ.

ಪಟ್ಟಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಮೂರು ಮೂರು ಎಲ್‌ಇಡಿಗಳ ಗುಂಪು, ಪ್ರತಿ ಗುಂಪಿಗೆ ಒಂದು ರೆಸಿಸ್ಟರ್. ಬಿಳಿ ಎಲ್‌ಇಡಿ ಎನ್ನುವುದು ನಿಜದಲ್ಲಿ ನೀಲಿ ಎಲ್‌ಇಡಿ. ಅದರ ಮೇಲೆ ಹಳದಿ ಬೆಳಕು ಸೂಸುವ ಪುಡಿ ಲೇಪಿಸಿರುತ್ತಾರೆ. ನೀಲಿ, ಹಳದಿ ಸೇರಿ ನಮಗೆ ಬಿಳಿಯಾಗಿ ಕಾಣುತ್ತದೆ. ಆ ನೀಲಿ ಎಲ್‌ಇಡಿ ಕಂಡುಹಿಡಿದದ್ದಕ್ಕೆ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶೂಜಿ ನಾಕಾಮುರಾ ಈ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು.

ಇಂಥ ಒಂದೊಂದು ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು. ಮೂರಕ್ಕೆ 9. ಉಳಿದ 3 ವೋಲ್ಟನ್ನು ರೆಸಿಸ್ಟರ್ ಹೊರುತ್ತದೆ. ಹಾಗಾಗಿ 12 ವೋಲ್ಟನ್ನು ಕಡಿಮೆ ಮಾಡುತ್ತಾ ಬಂದರೆ ದೀಪ ನಿಧಾನವಾಗಿ ಮಂಕಾಗುತ್ತದೆ ಎಂದು ನಂಬಬೇಡಿ. 8 ವೋಲ್ಟಿನ ಹತ್ತಿರ ಬರುವಷ್ಟರಲ್ಲಿ ಆರಿದಂತೆಯೇ. ಎಲ್‌ಇಡಿಯನ್ನು ಮಂಕು ಮಾಡುವ ಒಳ್ಳೆಯ ಉಪಾಯ ಬೇರೆ. ಅದನ್ನು ಕಣ್ಣಿಗೆ ತಿಳಿಯದಷ್ಟು ಬೇಗ ಬೇಗ ಹೊತ್ತಿಸಿ ಆರಿಸುವುದು.

ನಿಮ್ಮ ಮನೆಯ ಫ್ಯಾನು ನೋಡಿ. ನಿಂತಾಗ ಮೂರು ರೆಕ್ಕೆ ಬೇರೆ ಬೇರೆ ಕಾಣುತ್ತವೆ. ಜೋರಾಗಿ ತಿರುಗಿದಾಗ ರೆಕ್ಕೆ ಕಾಣದೆ ತೆಳ್ಳನೆಯ ಪರದೆಯಂತಾಗಿ ಹಿಂದಿನ ಛಾವಣಿ ಮಸುಕಾಗಿ ಕಾಣುತ್ತದೆ. ಕಣ್ಣು ರೆಕ್ಕೆಯನ್ನೂ ಖಾಲಿ ಜಾಗವನ್ನೂ ಸೇರಿಸಿ ಸರಾಸರಿ ತೆಗೆದಿದೆ. ದೀಪವೂ ಹಾಗೆಯೇ. ಸೆಕೆಂಡಿಗೆ ನೂರಾರು ಸಲ ಹೊತ್ತಿ ಆರುವಾಗ, ಹೊತ್ತಿರುವ ಪಾಲು ಹತ್ತರಲ್ಲಿ ಒಂದಾದರೆ ಬೆಳಕೂ ಹತ್ತರಲ್ಲಿ ಒಂದು ಪಾಲು. ಇದನ್ನು ಪಿಡಬ್ಲ್ಯುಎಂ ಎನ್ನುತ್ತಾರೆ.

ಮೊದಲ ಸೋಲು

ಮೊದಲು ನಾನು ತಿರುಗಿಸುವ ಗುಬುಟಿಯಿರುವ ಸಿದ್ಧ ಡಿಮ್ಮರ್ ತಂದೆ. ಅದನ್ನು ಅತಿ ಕಡಿಮೆಗೆ ತಂದರೂ ನಮ್ಮ ದೀಪ ಹತ್ತನೇ ಒಂದು ಪಾಲಿಗಿಂತ ಕೆಳಗೆ ಇಳಿಯಲಿಲ್ಲ. ಅಷ್ಟಾದರೂ ಆಯಿತಲ್ಲ ಎನ್ನಬೇಡಿ. ಹತ್ತನೇ ಒಂದು ಪಾಲು ಬೆಳಕು ನಮ್ಮ ಕಣ್ಣಿಗೆ ಮೂರನೇ ಒಂದು ಪಾಲಿನಷ್ಟು ಕಾಣುತ್ತದೆ. ಕತ್ತಲಿನಿಂದ ಅಲ್ಲಿಗೆ ಜಿಗಿದರೂ ಮೀನು ಬೆಚ್ಚುತ್ತದೆ. ಅದೂ ಅಲ್ಲದೆ ದಿನಾ ಬೆಳಿಗ್ಗೆ ಅರ್ಧ ಗಂಟೆ ಕುಳಿತು ಗುಬುಟಿ ತಿರುಗಿಸುವವರು ಯಾರು?

ನಮ್ಮ ಎದುರು ಮನೆಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗನಿದ್ದಾನೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇರುವ ಊರು ನಮ್ಮದು, ಇಂಥ ಹುಡುಗರಿಗೆ ಬರವಿಲ್ಲ. ಅವನು ಒಂದು ಆರ್ಡುಯಿನೊ ನ್ಯಾನೊ ತಂದ. ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಹಲಗೆ. ನಾವು ಕಂಪ್ಯೂಟರಿನಲ್ಲಿ ಬರೆದುಕೊಟ್ಟ ಆಜ್ಞೆಗಳನ್ನು ಅದು ಚಾಚೂ ತಪ್ಪದೆ ಪಾಲಿಸುತ್ತದೆ. 2005ರಲ್ಲಿ ಇಟಲಿಯ ಇವ್ರೆಯಾ ಎಂಬ ಊರಿನಲ್ಲಿ ವಿದ್ಯಾರ್ಥಿಗಳಿಗಾಗಿ ಶುರುವಾದ ಯೋಜನೆ ಇದು.

“ಕಾಕಾ, ಸೊನ್ನೆಯಿಂದ 255ರ ತನಕಾ ಒಂದೊಂದ ಮೆಟ್ಟಲಾ ಏರಸೇನಿ. ಅರ್ಧಾ ತಾಸಿನ್ಯಾಗ ಪೂರ್ತಿ ಬೆಳಕು. ನೋಡ್ರಿ ಇನ್ನ” ಎಂದ.

ಕಿಟಕಿ ಮುಚ್ಚಿ ನಾವು ಮೂವರೂ ಕುಳಿತು ನೋಡಿದೆವು. ದೀಪ ತೊಟ್ಟಿಯ ಮೇಲಿರಲಿಲ್ಲ, ಊಟದ ಮೇಜಿನ ಮೇಲಿತ್ತು. ಏಳನೇ ಸೆಕೆಂಡಿಗೆ ಕತ್ತಲಲ್ಲಿ ಪಕ್ಕನೆ ಬೆಳಕು ಚಿಮ್ಮಿತು. ಒಂದು ನಿಮಿಷದಲ್ಲಿ ಕೋಣೆಯ ಗಡಿಯಾರ ಓದುವಷ್ಟಾಯಿತು. ಕೊನೆಯ ಕಾಲು ಗಂಟೆಯಲ್ಲಿ ಮಾತ್ರ ಏನೂ ಬದಲಾದಂತೆ ಕಾಣಲೇ ಇಲ್ಲ.

“ಯಂತ್ರ ಸರಿ ಐತ್ರಿ ಕಾಕಾ, ಅಳತೆ ಮಾಡಿ ತೋರಸ್ತೇನಿ” ಎಂದ ಹುಡುಗ. ಅಳತೆಯೂ ಸರಿಯೇ ಇತ್ತು.

ಕಣ್ಣು ಎಣಿಸುವುದು ಬಡ್ಡಿಯ ದರವನ್ನು

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎದ್ದು ಕಾಗದ ತೆಗೆದುಕೊಂಡು ಬರೆಯುತ್ತಾ ಹೋದೆ. 1,800 ಸೆಕೆಂಡಿಗೆ 255 ಮೆಟ್ಟಿಲು, ಅಂದರೆ ಏಳು ಸೆಕೆಂಡಿಗೊಂದು. ಏಳನೇ ಸೆಕೆಂಡಿಗೆ ಬೆಳಕು 1. ಹದಿನಾಲ್ಕಕ್ಕೆ 2. ಇಪ್ಪತ್ತೆಂಟಕ್ಕೆ 4. ಐವತ್ತಾರಕ್ಕೆ 8. ಒಂದು ನಿಮಿಷ ತುಂಬುವುದರೊಳಗೆ ಬೆಳಕು ಮೂರು ಸಲ ಇಮ್ಮಡಿಯಾಗಿದೆ! ಕೊನೆಯ ಹದಿನೈದು ನಿಮಿಷದಲ್ಲಿ 128 ಇದ್ದದ್ದು 255 ಆಗಿದೆ, ಒಂದೇ ಸಲ ಇಮ್ಮಡಿ.

ಇದು ಸರಳಬಡ್ಡಿಯ ಲೆಕ್ಕ! ಪ್ರತಿ ಸಲವೂ ಅಷ್ಟೇ ಮೊತ್ತ ಜಮಾ. ನೂರು ರೂಪಾಯಿ ಇರುವವನ ಖಾತೆಗೆ ನೂರು ಬಿದ್ದರೆ ಅವನಿಗೆ ಹಬ್ಬ. ಲಕ್ಷ ಇರುವವನ ಖಾತೆಗೆ ನೂರು ಬಿದ್ದರೆ ಅವನು ಪಾಸ್‌ಬುಕ್ ತೆರೆದೂ ನೋಡುವುದಿಲ್ಲ. ಕಣ್ಣು ಹಾಗೆಯೇ. ದೀಪಾವಳಿಯ ರಾತ್ರಿ ಕತ್ತಲ ಕಟ್ಟೆಯ ಮೇಲೆ ಒಂದು ಪಣತಿ ಇದ್ದಾಗ ಎರಡನೆಯದನ್ನು ಹಚ್ಚಿ ನೋಡಿ, ವ್ಯತ್ಯಾಸ ತಿಳಿಯುತ್ತದೆ. ನೂರು ಪಣತಿ ಉರಿಯುವಾಗ ನೂರೊಂದನೆಯದನ್ನು ಹಚ್ಚಿದರೆ ತಿಳಿಯುವುದು ಕಷ್ಟ. ಜರ್ಮನಿಯ ವೇಬರ್ ಎಂಬ ವಿಜ್ಞಾನಿ ಇದನ್ನು ಪರೀಕ್ಷಿಸಿದ. ಫೆಕ್ನರ್ ಎಂಬಾತ 1860ರಲ್ಲಿ ತನ್ನ ಗ್ರಂಥದಲ್ಲಿ ಇದನ್ನು ಗಣಿತದ ನಿಯಮವಾಗಿ ಬರೆದ. ಹುಣ್ಣಿಮೆಯ ಬೆಳದಿಂಗಳು ಹೆಚ್ಚೆಂದರೆ ಕಾಲು ಲಕ್ಸ್, ನಡುಹಗಲ ಬಿಸಿಲು ಒಂದು ಲಕ್ಷ ಲಕ್ಸ್. ನಾಲ್ಕು ಲಕ್ಷ ಪಟ್ಟು ವ್ಯತ್ಯಾಸವಿದ್ದರೂ ನಮ್ಮ ಕಣ್ಣು ಎರಡರಲ್ಲೂ ದಾರಿ ಕಾಣುತ್ತದೆ. ಅದು ರೂಪಾಯಿ ಎಣಿಸದೆ ಶೇಕಡಾವಾರು ಎಣಿಸುವುದರಿಂದಲೇ ಇದು ಸಾಧ್ಯ.

ಹಾಗಾದರೆ ದೀಪಕ್ಕೆ ಬೇಕಾದದ್ದು ಚಕ್ರಬಡ್ಡಿ. ಪ್ರತಿ ಸೆಕೆಂಡಿಗೂ ಇದ್ದ ಬೆಳಕಿನ ಮೇಲೆ ಅದೇ ಶೇಕಡಾ ಸೇರುತ್ತಾ ಹೋಗಬೇಕು. ಬೆಳಿಗ್ಗೆ ಮೊಮ್ಮಗಳಿಗೆ ಹೇಳಿದೆ. ಅವಳ ಗಣಿತದ ಪುಸ್ತಕದಲ್ಲಿ ಚಕ್ರಬಡ್ಡಿಯ ಪಾಠವಿತ್ತು. “ಅಜ್ಜಾ, ಇದು ಬ್ಯಾಂಕಿನ್ಯಾಗ ಅಷ್ಟ ಬರ್ತೈತಿ ಅಂತ ಮಾಡಿದ್ದೆ” ಎಂದು ಪೆನ್ಸಿಲ್ ತಂದು ಪಕ್ಕದಲ್ಲಿ ಕೂತಳು. ಮೀನು ಸತ್ತ ಮೇಲೆ ಅವಳು ಅಷ್ಟು ಹತ್ತಿರ ಬಂದು ಕೂತದ್ದು ಅದೇ ಮೊದಲು.

ಒಂದು ತೊಡಕಿತ್ತು. 255 ಮೆಟ್ಟಿಲಿನ ಲೆಕ್ಕದಲ್ಲಿ 1 ಆದ ಮೇಲೆ 2. ನಡುವೆ ಏನೂ ಇಲ್ಲ. ಪೈಸೆಯೇ ಇಲ್ಲದ ಬ್ಯಾಂಕಿನಲ್ಲಿ ಒಂದು ರೂಪಾಯಿಗೆ ಬಡ್ಡಿ ಕಟ್ಟಿದ ಹಾಗೆ. ಎದುರು ಮನೆಯ ಹುಡುಗನನ್ನು ಕೇಳಿದೆ, ಇದಕ್ಕಿಂತ ಸಣ್ಣ ಚಿಲ್ಲರೆ ಇಲ್ಲವೇನೋ ತಮ್ಮಾ ಎಂದು. ಇದೆ ಎಂದ. ನ್ಯಾನೊದ 9 ಮತ್ತು 10ನೇ ಕಾಲಿಗೆ ದೊಡ್ಡ ಎಣಿಕೆಯ ಗಡಿಯಾರವೊಂದಿದೆ. ಅದು 0ಯಿಂದ 65,535ರವರೆಗೆ ಎಣಿಸಬಲ್ಲದು. ಈ ಸಂಖ್ಯೆ ಎಲ್ಲಿಂದ ಬಂತು? ಚದುರಂಗದ ಹಲಗೆಯ ಕಥೆ ನೆನಪಿಸಿಕೊಳ್ಳಿ. ಮೊದಲ ಮನೆಗೆ ಒಂದು ಕಾಳು, ಮುಂದಿನದಕ್ಕೆ ಎರಡು, ಆಮೇಲೆ ನಾಲ್ಕು, ಹೀಗೆ ಇಮ್ಮಡಿಸುತ್ತಾ ಹೋದರೆ ಹದಿನೇಳನೇ ಮನೆಯಲ್ಲಿ 65,536 ಕಾಳು. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಕೊನೆಯದು ಒಂದು ಕಡಿಮೆ, ಅಷ್ಟೇ. ಈ ಹಲಗೆಯ ಮಿಡಿತ ಸೆಕೆಂಡಿಗೆ ಒಂದು ಕೋಟಿ 60 ಲಕ್ಷ. ಅದನ್ನು 65,536ರಿಂದ ಭಾಗಿಸಿದರೆ 244. ಅಂದರೆ ದೀಪ ಸೆಕೆಂಡಿಗೆ 244 ಸಲ ಹೊತ್ತಿ ಆರುತ್ತದೆ, ನಮ್ಮ ಕಣ್ಣಿಗೆ ಅದು ಗೊತ್ತಾಗದು.

ನಾವು ಖಾತೆಯನ್ನು 64ರಿಂದ ತೆರೆದೆವು. ಅದು ಪೂರ್ತಿ ಬೆಳಕಿನ 1,024ನೇ ಒಂದು ಪಾಲು. 64ರಿಂದ 65 ಆದರೆ ಏರಿಕೆ ಶೇಕಡಾ ಒಂದೂವರೆ, ಕಣ್ಣಿಗೆ ತಿಳಿಯುವುದೇ ಇಲ್ಲ. 64, 128, 256, 512, 1,024, 2,048, 4,096, 8,192, 16,384, 32,768, 65,536. ಹತ್ತು ಸಲ ಇಮ್ಮಡಿಯಾದರೆ ಪೂರ್ತಿ ಬೆಳಕು. ಮೂರು ನಿಮಿಷಕ್ಕೊಂದು ಇಮ್ಮಡಿ, ಒಟ್ಟು ಅರ್ಧ ಗಂಟೆ. ಬಡ್ಡಿಯ ದರ ಸೆಕೆಂಡಿಗೆ ಶೇಕಡಾ 0.386. ಲೆಕ್ಕವನ್ನು ದಶಮಾಂಶದಲ್ಲಿ ಇಟ್ಟುಕೊಂಡು, ದೀಪಕ್ಕೆ ಕೊಡುವಾಗ ಮಾತ್ರ ಪೂರ್ಣಾಂಕ ಕೊಡುವುದು. ಸಂಜೆ ಇದೇ ಲೆಕ್ಕ ಹಿಂದುಮುಂದು: ಮೂರು ನಿಮಿಷಕ್ಕೊಮ್ಮೆ ಅರ್ಧ.

ಒಂದು ಅಕ್ಷರದ ತಪ್ಪು, ಐದು ರೂಪಾಯಿಯ ಪಾಠ

ನ್ಯಾನೊ ತಾನೇ ದೀಪವನ್ನು ಹೊರಲಾರದು. ನಡುವೆ ಮಾಸ್‌ಫೆಟ್ ಎಂಬ ಮೂರು ಕಾಲಿನ ಬಿಡಿಭಾಗ ಬೇಕು. ಅದು ಕೆರೆಯ ತೂಬಿದ್ದ ಹಾಗೆ. ನ್ಯಾನೊ ಕೊಡುವ ಸಣ್ಣ 5 ವೋಲ್ಟಿನ ಸನ್ನೆಗೆ ತೂಬು ತೆರೆದು ದೀಪದ ದೊಡ್ಡ ಪ್ರವಾಹವನ್ನು ಬಿಡುತ್ತದೆ. ಬೇಕಾದದ್ದು ಐಆರ್‌ಎಲ್‌ಝಡ್44ಎನ್. ನಾನು ಚಷ್ಮಾ ಮರೆತು ಹೋಗಿ ಐಆರ್‌ಎಫ್‌ಝಡ್44ಎನ್ ತಂದೆ. ಒಂದೇ ಅಕ್ಷರದ ವ್ಯತ್ಯಾಸ. ಆದರೆ ಈ ಎರಡನೆಯದು ಪೂರ್ತಿ ತೆರೆಯಲು 10 ವೋಲ್ಟ್ ಬೇಕು. 5 ವೋಲ್ಟಿಗೆ ಅರೆಬರೆ ತೆರೆದು ಬಿಸಿಯಾಗತೊಡಗಿತು. ಒಂದಕ್ಷರ ತಪ್ಪಿದ ಚೆಕ್ಕನ್ನು ಎಷ್ಟು ಸಲ ಹಿಂದಕ್ಕೆ ಕಳಿಸಿದ್ದೆನೋ! ಮರುದಿನ ನಾನೇ ಹೋಗಿ ಸರಿಯಾದದ್ದನ್ನು ತಂದೆ.

ಸಮಯ ನೋಡಿಕೊಳ್ಳಲು ಡಿಎಸ್3231 ಎಂಬ ಪುಟ್ಟ ಗಡಿಯಾರ ಸೇರಿಸಿದೆವು. ಅದಕ್ಕೊಂದು ನಾಣ್ಯದಂಥ ಸೆಲ್ ಇದೆ. ಕರೆಂಟು ಹೋದರೂ ವೇಳೆ ಮರೆಯುವುದಿಲ್ಲ.

ಎಲ್ಲ ಮುಗಿಯಿತು ಎಂದುಕೊಂಡು ಊಟದ ಮೇಜಿನ ಮೇಲೆಯೇ ಪರೀಕ್ಷೆ ಮಾಡಿದೆವು. ಪ್ಲಗ್ ತೆಗೆದು ಮತ್ತೆ ಹಾಕಿದೆ. ದೀಪ ಒಮ್ಮೆ ಫಳಕ್ಕೆಂದು ಹೊತ್ತಿ ಆರಿತು.

“ಅಜ್ಜಾ! ಮತ್ತ ಹಂಗ ಮಾಡ್ತು!”

ಅವಳ ದನಿ ಕೇಳಿ ನನ್ನ ಎದೆ ಧಸಕ್ಕೆಂದಿತು. ಕಾರಣ ಹುಡುಗ ಕಂಡುಹಿಡಿದ. ಕರೆಂಟು ಬಂದ ಮೇಲೆ ನ್ಯಾನೊಗೆ ಎಚ್ಚರವಾಗಲು ಒಂದೆರಡು ಸೆಕೆಂಡು ಬೇಕು. ಅಷ್ಟರವರೆಗೆ ತೂಬಿನ ಮೇಲೆ ಯಾರ ಹಿಡಿತವೂ ಇರುವುದಿಲ್ಲ, ಅದು ತಾನಾಗಿ ತೆರೆದುಕೊಳ್ಳಬಹುದು. ಮಾಸ್‌ಫೆಟ್ಟಿನ ಗೇಟ್ ಕಾಲಿಗೂ ಋಣ ತಂತಿಗೂ ನಡುವೆ 10 ಕಿಲೋ ಓಮಿನ ರೆಸಿಸ್ಟರ್ ಹಾಕಿದರೆ ತೂಬು ಮುಚ್ಚಿಯೇ ಇರುತ್ತದೆ. ಹಾಕಿದೆವು. ಹತ್ತು ಸಲ ಪ್ಲಗ್ ತೆಗೆದು ಹಾಕಿ ನೋಡಿದೆವು. ಹತ್ತೂ ಸಲ ಕತ್ತಲು.

ಕೊನೆಯದಾಗಿ ಒಂದು ನಿಯಮ ಬರೆದೆವು. ರಾತ್ರಿ ಕರೆಂಟು ಬಂದರೆ ದೀಪ ಹೊತ್ತಲೇಬಾರದು. ಹಗಲು ಬಂದರೆ ಮತ್ತೆ 64ರಿಂದಲೇ ಶುರುವಾಗಬೇಕು, ಆದರೆ ಅರ್ಧ ನಿಮಿಷಕ್ಕೊಂದು ಇಮ್ಮಡಿಯಂತೆ ಐದು ನಿಮಿಷದಲ್ಲಿ ಏರಬೇಕು.

ಖರ್ಚಿನ ಲೆಕ್ಕ: ನ್ಯಾನೊ 320, ಗಡಿಯಾರ 150, ಮಾಸ್‌ಫೆಟ್ ನನ್ನ ತಪ್ಪೂ ಸೇರಿ 80, ರೆಸಿಸ್ಟರುಗಳು 5, ಸಾಕೆಟ್ಟು ಮತ್ತು ವೈರು 30. ಒಟ್ಟು 585 ರೂಪಾಯಿ. ಪೆಟ್ಟಿಗೆ ಮೊಮ್ಮಗಳ ಹಳೆಯ ಟಿಫಿನ್ ಡಬ್ಬಿ.

ನೀವು ಮಾಡುವುದಾದರೆ

ಅಜ್ಜ ಅಜ್ಜಿಯರೇ, ಮೊಮ್ಮಕ್ಕಳು ಹಟ ಹಿಡಿದರೆ ಈ ಕೆಲವು ಮಾತು ಮರೆಯಬೇಡಿ. ಅಡಾಪ್ಟರ್ ಬೇರೆ ಇದ್ದು, 12 ವೋಲ್ಟಿನಲ್ಲಿ ನಡೆಯುವ ದೀಪವನ್ನು ಮಾತ್ರ ಮುಟ್ಟಿ. ದೀಪದ ಪಟ್ಟಿಯೊಳಗೇ 230 ವೋಲ್ಟ್ ಬರುವಂಥದ್ದಿದ್ದರೆ ಬಿಚ್ಚಬೇಡಿ. ಅಡಾಪ್ಟರನ್ನೂ ಬಿಚ್ಚಬೇಡಿ. ಕೆಲಸ ಮಾಡುವಾಗ ಪ್ಲಗ್ ಹೊರಗಿರಲಿ, ಕೈ ಒಣಗಿರಲಿ, ದೀಪ ನೀರಿನಿಂದ ದೂರ ಇರಲಿ. ಕಾಯಿಸಿ ಬೆಸುಗೆ ಹಾಕುವ ಕೆಲಸ ದೊಡ್ಡವರದು. ತೊಟ್ಟಿಯಿಂದ ಪ್ಲಗ್ಗಿಗೆ ಹೋಗುವ ವೈರು ಪ್ಲಗ್ಗಿಗಿಂತ ಕೆಳಗೆ ಜೋಲುಬಿದ್ದು ಆಮೇಲೆ ಮೇಲೇರಲಿ. ವೈರಿನಗುಂಟ ಇಳಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಮನೆಯ ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಸೋರಿಕೆ ರಕ್ಷಕ ಇದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ನೋಡಿಸಿ.

ಇಷ್ಟೆಲ್ಲ ಆಗದು ಎನ್ನುವವರಿಗೆ ಕಾಸು ಖರ್ಚಿಲ್ಲದ ಉಪಾಯವೂ ಇದೆ. ಬೆಳಿಗ್ಗೆ ಮೊದಲು ಕಿಟಕಿಯ ಪರದೆ ಸರಿಸಿ ಅಥವಾ ಕೋಣೆಯ ದೀಪ ಹಚ್ಚಿ. ಅರ್ಧ ಗಂಟೆ ಬಿಟ್ಟು ತೊಟ್ಟಿಯ ದೀಪ ಹಚ್ಚಿ. ರಾತ್ರಿ ಮೊದಲು ತೊಟ್ಟಿಯದನ್ನು ಆರಿಸಿ, ಕೋಣೆಯದನ್ನು ಆಮೇಲೆ ಆರಿಸಿ. ನೀರಿನ ಮೇಲೆ ಒಂದೆರಡು ಅಂತರಗಂಗೆ ಗಿಡ ತೇಲಿಬಿಟ್ಟರೆ ಮೀನಿಗೆ ನೆರಳು ಸಿಗುತ್ತದೆ. ಆದರೆ ಅದನ್ನಾಗಲಿ, ಬೇಡವಾದ ಮೀನನ್ನಾಗಲಿ ಕೆರೆ ಹೊಳೆಗೆ ಎಸೆಯಬೇಡಿ. ದಿನಕ್ಕೆ ಎಂಟರಿಂದ ಹತ್ತು ಗಂಟೆ ಬೆಳಕು ಸಾಕು, ಹೆಚ್ಚಾದರೆ ಗಾಜಿಗೆಲ್ಲ ಪಾಚಿ ಕಟ್ಟುತ್ತದೆ. ಕರೆಂಟು ಹೋದ ಕೂಡಲೇ ತೊಟ್ಟಿಯ ಸ್ವಿಚ್ಚು ಆರಿಸಿ. ಕಾಳು ಹಾಕಿದ ಮೇಲೆ ಮುಚ್ಚಳವನ್ನು ಕೈಯಿಂದ ಮುಟ್ಟಿ ನೋಡಿ.

ಮೊದಲ ಮುಂಜಾವು

ಒಂದು ಭಾನುವಾರ ನಸುಕಿನ ಐದೂವರೆಗೆ ದೀಪವನ್ನು ತೊಟ್ಟಿಯ ಮೇಲಿಟ್ಟು ಕಾದೆವು. ಮೊದಲ ಮೂರು ನಿಮಿಷ ಏನೂ ಕಾಣಲಿಲ್ಲ. ಹೊತ್ತಿದೆಯೋ ಇಲ್ಲವೋ ಎಂದು ನಾನು ಎದ್ದೇಬಿಡುತ್ತಿದ್ದೆ, ಮೊಮ್ಮಗಳು ತೋಳು ಹಿಡಿದು ಕೂರಿಸಿದಳು. ಆರನೇ ನಿಮಿಷಕ್ಕೆ ನೀರಿನ ಮೇಲ್ಮೈ ಬೂದಿಯ ಬಣ್ಣಕ್ಕೆ ಬಂತು. ಆಮೇಲೆ ತಳದ ಕಲ್ಲು ಕಂಡವು. ಆಮೇಲೆ ಕಲ್ಲಿನ ಮಗ್ಗುಲಲ್ಲಿ ಐದೂ ಮೀನು, ಅಲುಗದೆ. ಹದಿನೈದು ನಿಮಿಷ ಆಗುವಷ್ಟರಲ್ಲಿ ಒಂದೊಂದಾಗಿ ಈಜತೊಡಗಿದವು. ಯಾವುದೂ ಬೆಚ್ಚಲಿಲ್ಲ. ಚಹಾ ತಂದ ನಮ್ಮ ಮನೆಯವರು ಹಿಂದೆ ನಿಂತು ನೋಡಿ, “ನನ್ನ ಒಂದ ದಿವಸರ ಹಿಂಗ ನಿಧಾನಕ್ಕ ಎಬ್ಬಿಸೀರೇನ್ರಿ ನೀವು?” ಎಂದರು.

ಆರನೇ ಮೀನು ತರೋಣವೇ ಎಂದು ಮೊದಲೊಮ್ಮೆ ಕೇಳಿದ್ದಾಗ ಮೊಮ್ಮಗಳು ಬೇಡ ಎಂದಿದ್ದಳು. ಆ ಸಂಜೆ ತಾನಾಗಿ ಕೇಳಿ ತರಿಸಿಕೊಂಡಳು.

ಕಳೆದ ವಾರ ಸಂಜೆ ಮತ್ತೆ ಮಳೆ, ಮತ್ತೆ ಕತ್ತಲು. ಏಳು ಗಂಟೆಗೆ ಕರೆಂಟು ಬಂತು. ಓಣಿಯ ಎಲ್ಲ ಮನೆಗಳೂ ಒಮ್ಮೆಲೇ ಬೆಳಗಿದವು, ಹುಡುಗರು ಹೋ ಎಂದು ಕೂಗಿದರು. ನಮ್ಮ ತೊಟ್ಟಿ ಮಾತ್ರ ಕತ್ತಲಲ್ಲೇ ಇತ್ತು. ಮೊಮ್ಮಗಳು ಪಡಸಾಲೆಯ ದೀಪ ಹಚ್ಚಗೊಡಲಿಲ್ಲ. ಗಾಜಿನ ಮುಂದೆ ಕೂತು, ಬೆಳಕು ಏರುವುದನ್ನು ಕಾದು, ಬೆರಳು ಮಾಡಿ ಎಣಿಸಿದಳು.

“ಆರೂ ಅದಾವು ಅಜ್ಜಾ” ಎಂದಳು.

ನಾನು ಎದ್ದು ಹೋಗಿ ಮುಚ್ಚಳ ಮುಟ್ಟಿ ನೋಡಿದೆ. ಸರಿಯಾಗಿ ಕೂತಿತ್ತು.